ಎನ್‌ಎಫ್‌ಎಲ್‌ನಲ್ಲಿ ಫ್ರೀ ಏಜೆನ್ಸಿ, ಸ್ಯಾಲರಿ ಕ್ಯಾಪ್ ಮತ್ತು ತಂಡ ಕಟ್ಟುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಸೋಮವಾರ ಬೆಳಗಿನ ಜಾವ ಎದ್ದು ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ನೋಡುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಅಮೆರಿಕದಲ್ಲೇ ನೆಲೆಸಿ ಯಾವುದೋ ಒಂದು ತಂಡಕ್ಕೆ ಮನಸ್ಸು ಕೊಟ್ಟವರೂ ತುಂಬಾ ಜನ ಇದ್ದಾರೆ. ಆಟದ ನಿಯಮಗಳು ಒಂದೆರಡು ಸೀಸನ್‌ನಲ್ಲಿ ಅರ್ಥವಾಗುತ್ತವೆ. ಅರ್ಥವಾಗದೆ ಕಾಡುವುದು ಆಟಗಾರರು ತಂಡ ಬದಲಾಯಿಸುವ ಮಾರ್ಚ್ ತಿಂಗಳು. ಚೆನ್ನಾಗಿ ಆಡುತ್ತಿದ್ದವನನ್ನು ತಂಡ ಯಾಕೆ ಬಿಟ್ಟಿತು? ಕಪ್ ಗೆದ್ದ ತಂಡ ಮರುವರ್ಷವೇ ಯಾಕೆ ಚೆದುರಿತು? ಇಂಥ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುವುದು 1993 ಮತ್ತು 1994ರಲ್ಲಿ ಬಂದ ಎರಡು ಬದಲಾವಣೆಗಳಲ್ಲಿ: ಒಪ್ಪಂದ ಮುಗಿದ ಆಟಗಾರ ಇಷ್ಟದ ತಂಡಕ್ಕೆ ಹೋಗಬಹುದಾದ ಫ್ರೀ ಏಜೆನ್ಸಿ, ಮತ್ತು ತಂಡದ ಒಟ್ಟು ಸಂಬಳಕ್ಕೆ ಮಿತಿ ಹಾಕುವ ಸ್ಯಾಲರಿ ಕ್ಯಾಪ್.

ಇದು ಮೆಸ್ಸಿ ಆಡುವ ಫುಟ್‌ಬಾಲಾ?

ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ಅದರ ದೊಡ್ಡ ಲೀಗ್ ಎನ್‌ಎಫ್‌ಎಲ್. ಒಟ್ಟು 32 ತಂಡ, ಪ್ರತಿ ತಂಡದಲ್ಲಿ 53 ಆಟಗಾರರು. ಈ 53 ಅನ್ನುವ ಸಂಖ್ಯೆ ನೆನಪಿರಲಿ. ಎಷ್ಟೇ ದೊಡ್ಡ ಸ್ಟಾರ್ ಆದರೂ ಅವನ ಜೊತೆ ಇನ್ನೂ 52 ಜನರ ಸಂಬಳ ಕೊಡಬೇಕು.

ಫ್ರೀ ಏಜೆನ್ಸಿ ಬರುವ ಮುಂಚೆ ತಂಡ ಕಟ್ಟುತ್ತಿದ್ದದ್ದು ಹೇಗೆ?

ಡ್ರಾಫ್ಟ್‌ನಿಂದ. ಕಾಲೇಜು ಆಟ ಮುಗಿಸಿದ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಈ ಪದ್ಧತಿ ಶುರುವಾದದ್ದು 1936ರಲ್ಲಿ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. ಒಮ್ಮೆ ಆರಿಸಿಕೊಂಡರೆ ಆ ಆಟಗಾರ ಹೆಚ್ಚುಕಡಿಮೆ ಆ ತಂಡದ ಸ್ವತ್ತು. ಒಪ್ಪಂದ ಮುಗಿದರೂ ಬೇರೆ ಕಡೆ ಹೋಗುವುದು ಕಷ್ಟ.

1962ರಲ್ಲಿ ಆರ್.ಸಿ. ಓವೆನ್ಸ್ ಎಂಬ ಆಟಗಾರ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಬಾಲ್ಟಿಮೋರ್ ಸೇರಿದ. ಮಾಲೀಕರಿಗೆ ಗಾಬರಿಯಾಯಿತು. ಮರುವರ್ಷ ಲೀಗ್ ಕಮಿಷನರ್ ಪೀಟ್ ರೋಝೆಲ್ ಹೊಸ ನಿಯಮ ತಂದರು. ಒಪ್ಪಂದ ಮುಗಿದ ಆಟಗಾರನನ್ನು ಯಾರಾದರೂ ಸೇರಿಸಿಕೊಂಡರೆ ಅವನ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕು. ಎರಡೂ ತಂಡ ಒಪ್ಪದಿದ್ದರೆ ಎಷ್ಟು ಪರಿಹಾರ ಎಂದು ತೀರ್ಮಾನಿಸುವವರು ಕಮಿಷನರ್. ಬೆಲೆ ಎಷ್ಟೆಂದು ಗೊತ್ತಿಲ್ಲದೆ ಸಾಮಾನು ಕೊಳ್ಳುವವರು ಯಾರು? ಆಟಗಾರರ ಓಡಾಟ ಬಹುತೇಕ ನಿಂತೇಹೋಯಿತು.

ಹಾಗಾಗಿ ಆಗಿನ ಕಾಲದ ಜಾಣ್ಮೆ ಅಂದರೆ ಒಳ್ಳೆಯ ಹುಡುಗರನ್ನು ಗುರುತಿಸುವುದು, ಆಮೇಲೆ ಕಾಯುವುದು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ಇದಕ್ಕೆ ದೊಡ್ಡ ಉದಾಹರಣೆ. 1974ರ ಒಂದೇ ಡ್ರಾಫ್ಟ್‌ನಲ್ಲಿ ಲಿನ್ ಸ್ವಾನ್, ಜ್ಯಾಕ್ ಲ್ಯಾಂಬರ್ಟ್, ಜಾನ್ ಸ್ಟಾಲ್‌ವರ್ತ್, ಮೈಕ್ ವೆಬ್‌ಸ್ಟರ್ ಸಿಕ್ಕರು. ನಾಲ್ವರೂ ಮುಂದೆ ಹಾಲ್ ಆಫ್ ಫೇಮ್ ಸೇರಿದರು. ಆರು ಸೀಸನ್‌ನಲ್ಲಿ ನಾಲ್ಕು ಸೂಪರ್ ಬೌಲ್ ಗೆದ್ದರು. ಅಷ್ಟು ಪ್ರತಿಭೆ ಒಂದೇ ಕಡೆ ಅಷ್ಟು ವರ್ಷ ಉಳಿಯುವುದು ಇವತ್ತಿನ ಲೆಕ್ಕದಲ್ಲಿ ಆಗದ ಮಾತು.

ಆಟಗಾರರು ಸುಮ್ನೆ ಇದ್ದರಾ?

ಇರಲಿಲ್ಲ. ಮೂವತ್ತು ವರ್ಷ ಹೊಡೆದಾಡಿದರು. ಈ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈಗ ಮಾರ್ಚ್‌ನಲ್ಲಿ ಹರಿಯುವ ಕೋಟಿಗಳೆಲ್ಲ ಅಲ್ಲಿಂದ ಬಂದವು.

ಮೊದಲ ಹೆಸರು ಜಾನ್ ಮ್ಯಾಕಿ. ಬಾಲ್ಟಿಮೋರ್ ಕೋಲ್ಟ್ಸ್‌ನ ಟೈಟ್ ಎಂಡ್, ಆಟಗಾರರ ಸಂಘದ ಅಧ್ಯಕ್ಷ. ರೋಝೆಲ್ ನಿಯಮದ ವಿರುದ್ಧ ಕೋರ್ಟಿಗೆ ಹೋದರು. 1975ರ ಕೊನೆಯಲ್ಲಿ ಮಿನಿಯಾಪೊಲಿಸ್‌ನ ನ್ಯಾಯಾಲಯ ಆಟಗಾರರ ಪರ ತೀರ್ಪು ಕೊಟ್ಟಿತು. ಆದರೆ ಆ ಗೆಲುವು ಕೈಗೆ ಬಂದರೂ ಬಾಯಿಗೆ ಬರಲಿಲ್ಲ. 1977ರ ಒಪ್ಪಂದದಲ್ಲಿ ಸಂಘ ಬೇರೆ ಸವಲತ್ತುಗಳಿಗಾಗಿ ಆ ಸ್ವಾತಂತ್ರ್ಯದ ದೊಡ್ಡ ಪಾಲನ್ನು ಬಿಟ್ಟುಕೊಟ್ಟಿತು.

1982ರಲ್ಲಿ 57 ದಿನ ಮುಷ್ಕರ ನಡೆಯಿತು. ಸೀಸನ್ 9 ಪಂದ್ಯಕ್ಕೆ ಇಳಿಯಿತು. 1987ರಲ್ಲಿ ಮತ್ತೆ ಮುಷ್ಕರ. ಈ ಸಲ ಮಾಲೀಕರು ಬದಲಿ ಆಟಗಾರರನ್ನು ಕರೆತಂದು ಮೂರು ವಾರ ಪಂದ್ಯ ಆಡಿಸಿಯೇಬಿಟ್ಟರು. ಟಿವಿಯಲ್ಲಿ ಆಟ ನಡೆಯುತ್ತಿತ್ತು, ಮನೆಯಲ್ಲಿ ಸಂಬಳ ಬರುತ್ತಿರಲಿಲ್ಲ. 24 ದಿನಕ್ಕೆ ಮುಷ್ಕರ ಮುರಿಯಿತು.

ಬೀದಿಯಲ್ಲಿ ಆಗದ್ದು ಕೋರ್ಟಲ್ಲಿ ಆಯಿತು. 1989ರಲ್ಲಿ ಮಾಲೀಕರು "ಪ್ಲಾನ್ ಬಿ" ಅಂತ ಒಂದು ಅರೆಬರೆ ವ್ಯವಸ್ಥೆ ತಂದರು. ಪ್ರತಿ ತಂಡ ತನ್ನ 37 ಆಟಗಾರರನ್ನು ಹಿಡಿದಿಟ್ಟುಕೊಳ್ಳಬಹುದು, ಉಳಿದವರು ಎಲ್ಲಿಗಾದರೂ ಹೋಗಬಹುದು. ಅಂದರೆ ಬೇಡಿಕೆ ಇದ್ದವನಿಗೆ ಸ್ವಾತಂತ್ರ್ಯ ಇಲ್ಲ, ಬೇಡಿಕೆ ಇಲ್ಲದವನಿಗೆ ಇದೆ. ನ್ಯೂಯಾರ್ಕ್ ಜೆಟ್ಸ್‌ನ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಫ್ರೀಮನ್ ಮೆಕ್‌ನೀಲ್ ಮತ್ತು ಇನ್ನೂ ಏಳು ಆಟಗಾರರು ಇದನ್ನು ಪ್ರಶ್ನಿಸಿದರು. 1992ರ ಸೆಪ್ಟೆಂಬರ್‌ನಲ್ಲಿ, ಮತ್ತೆ ಮಿನಿಯಾಪೊಲಿಸ್‌ನಲ್ಲೇ, ಎಂಟು ಮಹಿಳೆಯರಿದ್ದ ಜ್ಯೂರಿ ಪ್ಲಾನ್ ಬಿ ಕಾನೂನಿಗೆ ವಿರುದ್ಧ ಎಂದಿತು. ಆ ಬೆನ್ನಿಗೇ ಫಿಲಡೆಲ್ಫಿಯಾ ಈಗಲ್ಸ್‌ನ ರೆಗ್ಗಿ ವೈಟ್ ಎಲ್ಲ ಆಟಗಾರರ ಪರವಾಗಿ ಮೊಕದ್ದಮೆ ಹೂಡಿದರು. ಇನ್ನು ಸೋಲುವುದೇ ಎಂದು ಮಾಲೀಕರಿಗೆ ಗೊತ್ತಾಯಿತು. 1993ರ ಜನವರಿಯಲ್ಲಿ ರಾಜಿ ಆಯಿತು. ಮಾರ್ಚ್ 1ರಿಂದ ನಿಜವಾದ ಫ್ರೀ ಏಜೆನ್ಸಿ ಜಾರಿಗೆ ಬಂತು.

ಹಾಗಾದರೆ ಸ್ಯಾಲರಿ ಕ್ಯಾಪ್ ಎಲ್ಲಿಂದ ಬಂತು?

ಅದೇ ರಾಜಿಯಿಂದ. ನಿಮಗೆ ಹೋಗುವ ಹಕ್ಕು ಬೇಕಾ? ಸರಿ, ಆದರೆ ನಮ್ಮ ಒಟ್ಟು ಖರ್ಚಿಗೆ ಒಂದು ಮೇಲ್ಮಿತಿ ಇರಲಿ ಎಂದರು ಮಾಲೀಕರು. ಆಟಗಾರರ ಮೇಲಿನ ಖರ್ಚು ಲೀಗ್ ಆದಾಯದ 67% ಮುಟ್ಟಿದರೆ ಕ್ಯಾಪ್ ಜಾರಿಯಾಗಬೇಕು ಎಂದು ಮಾತಾಯಿತು. ಮೊದಲ ವರ್ಷದ ಖರೀದಿಯ ಭರಾಟೆಗೆ ಅದು ಬೇಗನೇ ಮುಟ್ಟಿತು. 1994ರಲ್ಲಿ ಕ್ಯಾಪ್ ಬಂದೇಬಿಟ್ಟಿತು.

ಆಟಗಾರರ ಸಂಘದ ಮುಖ್ಯಸ್ಥರಾಗಿದ್ದ ಜೀನ್ ಅಪ್‌ಷಾ ಇದಕ್ಕೆ ಒಪ್ಪಿದ್ದನ್ನು ಈಗಲೂ ಟೀಕಿಸುವವರಿದ್ದಾರೆ. ನನಗೆ ಆ ಟೀಕೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಕ್ಯಾಪ್ ಆದಾಯಕ್ಕೆ ಕಟ್ಟಿದ ಹಗ್ಗ. ಆದಾಯ ಮೇಲೆ ಹೋದರೆ ಕ್ಯಾಪ್ ಕೂಡ ಹೋಗುತ್ತದೆ. ಅಲ್ಲಿಯತನಕ ಲೀಗ್‌ನ ಲಾಭದಲ್ಲಿ ಆಟಗಾರರಿಗೆ ಅಂಥ ಖಚಿತ ಪಾಲು ಇರಲೇ ಇಲ್ಲ.

ಕ್ಯಾಪ್ ಎಷ್ಟು?

1994ರಲ್ಲಿ ಒಂದು ತಂಡಕ್ಕೆ 3.46 ಕೋಟಿ ಡಾಲರ್. 2024ರಲ್ಲಿ 25.54 ಕೋಟಿ. 2025ರಲ್ಲಿ 27.92 ಕೋಟಿ. ಏರಿಕೆಗೆ ಮುಖ್ಯ ಕಾರಣ ಟಿವಿ ಹಕ್ಕಿನ ದುಡ್ಡು. ಅದನ್ನು ಎಲ್ಲ ತಂಡಗಳೂ ಸಮನಾಗಿ ಹಂಚಿಕೊಳ್ಳುತ್ತವೆ.

ಇಳಿದದ್ದೂ ಉಂಟು. ಕೋವಿಡ್ ವರ್ಷ ಕ್ರೀಡಾಂಗಣ ಖಾಲಿ ಇದ್ದುದರಿಂದ 2020ರ 19.82 ಕೋಟಿ 2021ರಲ್ಲಿ 18.25 ಕೋಟಿಗೆ ಬಂತು. 2010ರಲ್ಲಿ ಒಂದು ವರ್ಷ ಕ್ಯಾಪೇ ಇರಲಿಲ್ಲ.

ಇದು ನಮ್ಮ ಐಪಿಎಲ್‌ನ ಪರ್ಸ್ ತರಹಾನಾ?

ಮೂಲ ಯೋಚನೆ ಒಂದೇ. 2025ರ ಐಪಿಎಲ್‌ಗೆ ಪ್ರತಿ ತಂಡದ ಪರ್ಸ್ 120 ಕೋಟಿ ರೂಪಾಯಿ ಇತ್ತು. ಆರ್‌ಸಿಬಿ ವಿರಾಟ್ ಕೊಹ್ಲಿಯನ್ನು ಉಳಿಸಿಕೊಳ್ಳಲು 21 ಕೋಟಿ ತೆಗೆದಿಟ್ಟಿತು. ಉಳಿದ ದುಡ್ಡಲ್ಲಿ ಇಡೀ ತಂಡ ಕಟ್ಟಬೇಕಾಯಿತು. ಒಬ್ಬನಿಗೆ ಕೊಟ್ಟದ್ದು ಇನ್ನೊಬ್ಬನಿಂದ ಕಳೆದದ್ದು ಎನ್ನುವ ಲೆಕ್ಕ ಅಲ್ಲೂ ಇಲ್ಲೂ ಒಂದೇ.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಐಪಿಎಲ್ ಹರಾಜಿನಲ್ಲಿ ಯಾವ ತಂಡ ಜಾಸ್ತಿ ಕೂಗುತ್ತದೋ ಆಟಗಾರ ಅಲ್ಲಿಗೆ ಹೋಗಬೇಕು. ಎನ್‌ಎಫ್‌ಎಲ್‌ನ ಫ್ರೀ ಏಜೆಂಟ್ ತಾನೇ ಆರಿಸಿಕೊಳ್ಳುತ್ತಾನೆ. ಕಡಿಮೆ ದುಡ್ಡಿಗೆ ಇಷ್ಟದ ಊರಿಗೆ ಹೋಗಬಹುದು. ಇದಕ್ಕಾಗಿಯೇ ಅಲ್ವಾ ಅಷ್ಟು ವರ್ಷ ಕೋರ್ಟು ಅಲೆದದ್ದು?

ಯಾರು ಬೇಕಾದರೂ ಫ್ರೀ ಏಜೆಂಟ್ ಆಗಬಹುದಾ?

ಇಲ್ಲ. ನಾಲ್ಕು ಸೀಸನ್ ಪೂರೈಸಿರಬೇಕು, ಒಪ್ಪಂದ ಮುಗಿದಿರಬೇಕು. ಮೂರೇ ಸೀಸನ್ ಆಗಿದ್ದರೆ ಬೇರೆ ತಂಡ ಕರೆಯಬಹುದು, ಆದರೆ ಹಳೆಯ ತಂಡ ಅಷ್ಟೇ ಕೊಟ್ಟು ಉಳಿಸಿಕೊಳ್ಳಬಹುದು.

ಫ್ರೀ ಏಜೆನ್ಸಿಯಿಂದ ಮೊದಲು ಬದಲಾದ ತಂಡ ಯಾವುದು?

ಗ್ರೀನ್ ಬೇ ಪ್ಯಾಕರ್ಸ್. ಗ್ರೀನ್ ಬೇ ಅಂದರೆ ವಿಸ್ಕಾನ್ಸಿನ್‌ನ ಸುಮಾರು ಒಂದು ಲಕ್ಷ ಜನರ ಊರು, ನಮ್ಮ ಚಿಕ್ಕಮಗಳೂರಿನಷ್ಟು. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಊರು. ಫ್ರೀ ಏಜೆನ್ಸಿ ಬಂದರೆ ಅಲ್ಲಿಗೆ ಯಾವ ಸ್ಟಾರ್ ಹೋಗುತ್ತಾನೆ ಎಂದು ಎಲ್ಲರೂ ಕೇಳುತ್ತಿದ್ದರು. ದೊಡ್ಡ ಊರಿನ ತಂಡಗಳು ಎಲ್ಲರನ್ನೂ ಬಾಚಿಕೊಳ್ಳುತ್ತವೆ ಎಂಬ ಭಯ ಇತ್ತು.

1993ರ ಏಪ್ರಿಲ್‌ನಲ್ಲಿ ರೆಗ್ಗಿ ವೈಟ್ ಆರಿಸಿಕೊಂಡದ್ದು ಗ್ರೀನ್ ಬೇಯನ್ನೇ. ನಾಲ್ಕು ವರ್ಷಕ್ಕೆ 1.7 ಕೋಟಿ ಡಾಲರ್. ಆ ಕಾಲದ ಅತ್ಯುತ್ತಮ ಡಿಫೆನ್ಸಿವ್ ಎಂಡ್ ಅಲ್ಲಿಗೆ ಹೋದ ಅಂದಮೇಲೆ ಉಳಿದವರೂ ಹೋಗಬಹುದು ಎಂದಾಯಿತು. ಮ್ಯಾನೇಜರ್ ರಾನ್ ವುಲ್ಫ್ ಅದಕ್ಕೂ ಒಂದು ವರ್ಷ ಮುಂಚೆ ಅಟ್ಲಾಂಟಾದಿಂದ ಬ್ರೆಟ್ ಫಾರ್ವ್ ಎಂಬ ಕ್ವಾರ್ಟರ್‌ಬ್ಯಾಕನ್ನು (ಚೆಂಡು ಎಸೆದು ಆಟ ನಡೆಸುವವನು) ತಂದಿದ್ದರು. 1996ರ ಸೀಸನ್‌ನಲ್ಲಿ ಪ್ಯಾಕರ್ಸ್ ಸೂಪರ್ ಬೌಲ್ ಗೆದ್ದರು. ಆ ಪಂದ್ಯದಲ್ಲಿ ವೈಟ್ ಎದುರಾಳಿ ಕ್ವಾರ್ಟರ್‌ಬ್ಯಾಕನ್ನು ಮೂರು ಸಲ ಕೆಡವಿದರು. 1967ರ ಸೀಸನ್ ಆದಮೇಲೆ ಆ ಊರಿಗೆ ಬಂದ ಮೊದಲ ಕಪ್ ಅದು.

ಆಗಿನ ದೊಡ್ಡ ತಂಡಗಳು ಏನಾದವು?

ಡಾಲಸ್ ಕೌಬಾಯ್ಸ್ ತಂಡವನ್ನು ಕೋಚ್ ಜಿಮ್ಮಿ ಜಾನ್ಸನ್ ಹಳೆಯ ರೀತಿಯಲ್ಲಿ ಕಟ್ಟಿದ್ದರು. 1989ರಲ್ಲಿ ಹರ್ಷಲ್ ವಾಕರ್‌ನನ್ನು ಮಿನೆಸೋಟಕ್ಕೆ ಕೊಟ್ಟು ಡ್ರಾಫ್ಟ್ ಸರದಿಗಳ ರಾಶಿಯನ್ನೇ ಪಡೆದರು. ಅದರಿಂದ ಬೆಳೆದ ತಂಡ 1992, 1993, 1995ರ ಸೀಸನ್‌ಗಳಲ್ಲಿ ಗೆದ್ದಿತು. ಆದರೆ ಕ್ಯಾಪ್ ಬಂದ ಮೇಲೆ ಪ್ರತಿ ವರ್ಷ ಒಂದಿಷ್ಟು ಜನ ಸೋರಿಹೋದರು. ಬೆಂಚಿನಲ್ಲಿ ಕೂತವರು ಬೇರೆ ಕಡೆ ಹೋಗಿ ಮುಖ್ಯ ಆಟಗಾರರಾದರು. ಮೊದಲ ಸಾಲಿನವರು ಉಳಿದರು, ಅವರ ಹಿಂದೆ ನಿಲ್ಲುವವರೇ ಇಲ್ಲದಾಯಿತು. ಕ್ಯಾಪ್ ಮೊದಲು ತಿನ್ನುವುದು ಬೆಂಚನ್ನು.

ಸ್ಯಾನ್ ಫ್ರಾನ್ಸಿಸ್ಕೊ ಬೇರೆ ದಾರಿ ಹಿಡಿಯಿತು. 1994ರಲ್ಲಿ ಡಿಯಾನ್ ಸ್ಯಾಂಡರ್ಸ್, ಡಾಲಸ್‌ನಿಂದ ಕೆನ್ ನಾರ್ಟನ್, ರಿಕಿ ಜಾಕ್ಸನ್, ಗ್ಯಾರಿ ಪ್ಲಮ್ಮರ್ ಹೀಗೆ ಅನುಭವಸ್ಥರನ್ನು ಒಂದೇ ಬೇಸಿಗೆಯಲ್ಲಿ ಸೇರಿಸಿಕೊಂಡು ಅದೇ ಸೀಸನ್‌ನಲ್ಲಿ ಸ್ಯಾನ್ ಡಿಯಾಗೊವನ್ನು 49-26ರಿಂದ ಸೋಲಿಸಿ ಕಪ್ ಎತ್ತಿತು. ಕೊಂಡ ಆಟಗಾರರಿಂದ ಒಂದೇ ವರ್ಷದಲ್ಲಿ ಗೆಲ್ಲಬಹುದು ಎಂದು ತೋರಿಸಿದ ಮೊದಲ ತಂಡ ಅದು. ಮರುವರ್ಷ ಸ್ಯಾಂಡರ್ಸ್ ಡಾಲಸ್‌ಗೆ ಹೋದ. ಕಪ್ಪೂ ಅವನ ಜೊತೆಗೇ ಹೋಯಿತು.

ಕ್ಯಾಪ್ ಇದ್ದೂ ತಂಡಗಳು ಅಷ್ಟು ದೊಡ್ಡ ಮೊತ್ತ ಹೇಗೆ ಕೊಡುತ್ತವೆ?

ಸೈನಿಂಗ್ ಬೋನಸ್ ಎಂಬ ದಾರಿ ಇದೆ. ಆಟಗಾರನಿಗೆ ದುಡ್ಡು ಈಗಲೇ ಸಿಗುತ್ತದೆ. ಕ್ಯಾಪ್ ಪುಸ್ತಕದಲ್ಲಿ ಮಾತ್ರ ಅದನ್ನು ಒಪ್ಪಂದದ ವರ್ಷಗಳಿಗೆ, ಗರಿಷ್ಠ ಐದು ವರ್ಷಕ್ಕೆ, ಸಮನಾಗಿ ಹಂಚುತ್ತಾರೆ.

ಒಂದು ಲೆಕ್ಕ ನೋಡೋಣ. ಐದು ವರ್ಷದ ಒಪ್ಪಂದ, 2.5 ಕೋಟಿ ಡಾಲರ್ ಬೋನಸ್. ಕ್ಯಾಪ್‌ನಲ್ಲಿ ವರ್ಷಕ್ಕೆ 50 ಲಕ್ಷ ಮಾತ್ರ ಬೀಳುತ್ತದೆ. ಎರಡು ವರ್ಷ ಆಡಿದ ಮೇಲೆ ಅವನನ್ನು ಬಿಟ್ಟರೆ? ಉಳಿದ ಮೂರು ವರ್ಷದ 1.5 ಕೋಟಿ ಒಮ್ಮೆಲೇ ಬಂದು ಕೂರುತ್ತದೆ. ಆಟಗಾರ ಇಲ್ಲ, ಅವನ ಲೆಕ್ಕ ಇದೆ. ಇದನ್ನೇ ಡೆಡ್ ಮನಿ ಎನ್ನುತ್ತಾರೆ. ಜೂನ್ 1ರ ನಂತರ ಬಿಟ್ಟರೆ ಅದನ್ನು ಎರಡು ವರ್ಷಕ್ಕೆ ಹಂಚಬಹುದು, ಅಷ್ಟೇ ಸಮಾಧಾನ.

1995ರಲ್ಲಿ ಸ್ಯಾಂಡರ್ಸ್‌ಗೆ ಡಾಲಸ್ ಕೊಟ್ಟದ್ದು ಏಳು ವರ್ಷಕ್ಕೆ 3.5 ಕೋಟಿ. ಅದರಲ್ಲಿ ಬೋನಸ್ಸೇ ಸುಮಾರು 1.3 ಕೋಟಿ. ಈಗ ಫಿಲಡೆಲ್ಫಿಯಾದ ಮ್ಯಾನೇಜರ್ ಹೋವಿ ರೋಸ್‌ಮನ್ ಈ ಕಲೆಯಲ್ಲಿ ಎಲ್ಲರಿಗಿಂತ ಮುಂದೆ. ಆಟಗಾರ ಆಡದೇ ಇರುವ ಖಾಲಿ ವರ್ಷಗಳನ್ನೂ ಒಪ್ಪಂದದ ಕೊನೆಗೆ ಸೇರಿಸಿ ಬೋನಸ್ ಹಂಚುತ್ತಾರೆ. ನಾಳೆ ಕ್ಯಾಪ್ ಏರುತ್ತದೆ, ಇವತ್ತಿನ ಸಾಲ ನಾಳೆ ಹಗುರವಾಗುತ್ತದೆ ಎಂಬ ನಂಬಿಕೆ. ಇಲ್ಲಿಯವರೆಗೆ ಆ ನಂಬಿಕೆ ಫಲ ಕೊಟ್ಟಿದೆ.

ಚೆನ್ನಾಗಿ ಆಡುವವನನ್ನೇ ಯಾಕೆ ಬಿಡುತ್ತಾರೆ? ಇದು ಮೋಸ ಅಲ್ವಾ?

ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ನೋವಿರುತ್ತದೆ. ಮಗನಿಗೆ ಆ ಆಟಗಾರನ ಜರ್ಸಿ ಕೊಡಿಸಿರುತ್ತಾರೆ.

ಹಳೆಯ ಕಾಲದಲ್ಲಿ ಇವನು ಒಳ್ಳೆಯ ಆಟಗಾರನೇ ಎಂದು ಕೇಳಿದರೆ ಸಾಕಿತ್ತು. ಈಗ ಈ ಬೆಲೆಗೆ ಒಳ್ಳೆಯವನೇ ಎಂದು ಕೇಳಬೇಕು. ಒಂದು ಕೋಟಿ ಡಾಲರ್ ತೆಗೆದುಕೊಂಡು ಒಂದು ಕೋಟಿಯ ಆಟ ಆಡುವವನು ತಂಡಕ್ಕೆ ಲಾಭವೂ ಅಲ್ಲ, ನಷ್ಟವೂ ಅಲ್ಲ. ಹತ್ತು ಲಕ್ಷ ತೆಗೆದುಕೊಂಡು ಅರ್ಧ ಕೋಟಿಯ ಆಟ ಆಡುವವನು ಲಾಭ. ಕಪ್ ಗೆಲ್ಲುವ ತಂಡಗಳಲ್ಲಿ ಅಂಥವರು ಹತ್ತಾರು ಜನ ಇರುತ್ತಾರೆ. ಹಾಗಾಗಿ ಯಾರನ್ನು ತರಬೇಕು ಎನ್ನುವುದಕ್ಕಿಂತ ಯಾರನ್ನು ಯಾವಾಗ ಬಿಡಬೇಕು ಎನ್ನುವುದೇ ಮುಖ್ಯ ಕೆಲಸವಾಯಿತು. ಫ್ರೀ ಏಜೆನ್ಸಿ ಮತ್ತು ಕ್ಯಾಪ್ ಸೇರಿ ಮಾಡಿದ ಅತಿ ದೊಡ್ಡ ಬದಲಾವಣೆ ಇದೇ ಎಂದು ನಾನು ನಂಬುತ್ತೇನೆ.

ನ್ಯೂ ಇಂಗ್ಲೆಂಡ್ ಪೇಟ್ರಿಯಾಟ್ಸ್‌ನ 2003ರ ಕಥೆ ಕೇಳಿ. ಲಾಯರ್ ಮಿಲಾಯ್ (ಲಾಯರ್ ಅವನ ಹೆಸರೇ, ವಕೀಲನಲ್ಲ) ಆ ತಂಡದ ನಾಯಕರಲ್ಲಿ ಒಬ್ಬ. ಸಂಬಳ ಇಳಿಸಲು ಒಪ್ಪಲಿಲ್ಲ. ಸೀಸನ್ ಶುರುವಾಗಲು ಒಂದು ವಾರವೂ ಇರಲಿಲ್ಲ, ಕೋಚ್ ಬಿಲ್ ಬೆಲಿಚಿಕ್ ಅವನನ್ನು ಬಿಟ್ಟರು. ಮಿಲಾಯ್ ಬಫಲೋ ಸೇರಿದ. ಮೊದಲ ಪಂದ್ಯವೇ ಬಫಲೋ ವಿರುದ್ಧ. ಪೇಟ್ರಿಯಾಟ್ಸ್ 31-0 ಸೋತರು. ಊರಿಗೆ ಊರೇ ಬೆಲಿಚಿಕ್ ಮೇಲೆ ಮುಗಿಬಿತ್ತು. ಸೀಸನ್‌ನ ಕೊನೆಯ ಲೀಗ್ ಪಂದ್ಯವೂ ಬಫಲೋ ವಿರುದ್ಧವೇ ಇತ್ತು. ಅದನ್ನು ಪೇಟ್ರಿಯಾಟ್ಸ್ 31-0 ಗೆದ್ದರು. ಆಮೇಲೆ ಸೂಪರ್ ಬೌಲ್ ಕೂಡ. ಮಿಲಾಯ್ ಆಡುತ್ತಿದ್ದ ಸೇಫ್ಟಿ ಎಂಬ ರಕ್ಷಣಾ ಸ್ಥಾನದ ಹೊಣೆ ಹೊತ್ತವನು ಅದೇ ವರ್ಷ ಸ್ಯಾನ್ ಡಿಯಾಗೊ ಬಿಟ್ಟುಬಂದಿದ್ದ ರಾಡ್ನಿ ಹ್ಯಾರಿಸನ್.

ಹೀಗೆ ಬಿಡುವುದು ಸುಲಭ ಅಂತ ನಾನು ಹೇಳುತ್ತಿಲ್ಲ. ಮಿಲಾಯ್‌ನ ಜೊತೆಗಾರರಿಗೆ ಅದು ಸಾವಿನ ಮನೆಯಂತಿತ್ತು. ಬಿಡುವುದು ಸರಿಯಾದ ಲೆಕ್ಕ ಆಗಬಹುದು, ಆದರೂ ನೋವು ನೋವೇ.

2012ರಲ್ಲಿ ಇಂಡಿಯಾನಾಪೊಲಿಸ್ ತನ್ನ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್‌ನನ್ನು ಬಿಟ್ಟದ್ದು ಇದರ ಇನ್ನೊಂದು ಮುಖ. ಕತ್ತಿನ ಶಸ್ತ್ರಚಿಕಿತ್ಸೆಯಾಗಿ ಇಡೀ 2011 ಆಡಿರಲಿಲ್ಲ, 2.8 ಕೋಟಿ ಬೋನಸ್ ಕೊಡುವ ದಿನ ಬಂದಿತ್ತು. ಬಿಟ್ಟರು. ಅವನು ಡೆನ್ವರ್‌ಗೆ ಹೋಗಿ 2015ರ ಸೀಸನ್‌ನಲ್ಲಿ ಕಪ್ ಗೆದ್ದ. ಬಿಟ್ಟವರ ಲೆಕ್ಕ ಯಾವಾಗಲೂ ಸರಿಯಾಗುವುದಿಲ್ಲ.

ಎಲ್ಲರೂ ಚಿಕ್ಕ ವಯಸ್ಸಿನ ಕ್ವಾರ್ಟರ್‌ಬ್ಯಾಕ್ ಹಿಂದೆ ಬೀಳುವುದು ಯಾಕೆ?

2011ರಲ್ಲಿ ಬಂದ ರೂಕಿ (ಹೊಸ ಆಟಗಾರ) ಸಂಬಳದ ನಿಯಮದಿಂದ. 2010ರಲ್ಲಿ ಡ್ರಾಫ್ಟ್‌ನಲ್ಲಿ ಮೊದಲಿಗನಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ ಸಿಕ್ಕಿತ್ತು, 5 ಕೋಟಿ ಖಾತರಿ. ಮರುವರ್ಷ ಮೊದಲಿಗನಾದ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ 2.2 ಕೋಟಿ. ಒಂದೇ ವರ್ಷದಲ್ಲಿ ಅಷ್ಟು ವ್ಯತ್ಯಾಸ.

ತಂಡದ ಅತಿ ಮುಖ್ಯ ಆಟಗಾರ ನಾಲ್ಕು ವರ್ಷ ಅಗ್ಗಕ್ಕೆ ಸಿಕ್ಕರೆ ಉಳಿದ ದುಡ್ಡನ್ನು ಬೇರೆ ಕಡೆ ಸುರಿಯಬಹುದು. ಸಿಯಾಟಲ್ ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿತು. 2012ರ ಮೂರನೇ ಸುತ್ತಿನಲ್ಲಿ ರಸೆಲ್ ವಿಲ್ಸನ್ ಸಿಕ್ಕ. ಮುಂದಿನ ವರ್ಷ ಅವನ ಸಂಬಳ 6 ಲಕ್ಷ ಡಾಲರ್ ಕೂಡ ಇರಲಿಲ್ಲ. ಉಳಿದ ದುಡ್ಡಲ್ಲಿ ಮೈಕಲ್ ಬೆನೆಟ್, ಕ್ಲಿಫ್ ಆವ್ರಿಲ್ ಬಂದರು. ಡೆನ್ವರನ್ನು 43-8ರಿಂದ ಹೊಸಕಿ ಕಪ್ ಗೆದ್ದರು.

ಅಗ್ಗದ ಕಾಲ ಮುಗಿಯುತ್ತದೆ ಅನ್ನುವುದೇ ತೊಂದರೆ. ಸ್ಯಾನ್ ಫ್ರಾನ್ಸಿಸ್ಕೊಗೆ 2022ರ ಡ್ರಾಫ್ಟ್‌ನ ಕೊನೆಯ ಸರದಿಯಲ್ಲಿ, 262ನೆಯವನಾಗಿ, ಬ್ರಾಕ್ ಪರ್ಡಿ ಸಿಕ್ಕಿದ್ದ. ಸೂಪರ್ ಬೌಲ್‌ವರೆಗೆ ಕರೆದೊಯ್ದ. 2025ರ ಮೇ ತಿಂಗಳಲ್ಲಿ ಅವನಿಗೆ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಒಪ್ಪಂದ ಆಯಿತು. ಅದು ಬರಲಿದೆ ಎಂದು ಗೊತ್ತಿದ್ದ ತಂಡ ಮಾರ್ಚ್‌ನಲ್ಲೇ ಡೀಬೊ ಸ್ಯಾಮ್ಯುಯೆಲ್, ಡ್ರೆ ಗ್ರೀನ್‌ಲಾ, ತಲನೋವಾ ಹುಫಂಗಾ ಮುಂತಾದವರನ್ನು ಕಳಿಸಿಕೊಟ್ಟಿತ್ತು.

ದುಬಾರಿ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಂಡು ಗೆಲ್ಲಲು ಆಗುವುದೇ ಇಲ್ಲವಾ?

ಆಗುತ್ತದೆ. ಕ್ಯಾನ್ಸಸ್ ಸಿಟಿ ತೋರಿಸಿದೆ. 2020ರಲ್ಲಿ ಪ್ಯಾಟ್ರಿಕ್ ಮಹೋಮ್ಸ್‌ಗೆ ಹತ್ತು ವರ್ಷಕ್ಕೆ 45 ಕೋಟಿ ಡಾಲರ್ ಕೊಟ್ಟರು. 2022ರಲ್ಲಿ ಅವನ ಅತಿ ವೇಗದ ರಿಸೀವರ್ ಟೈರೀಕ್ ಹಿಲ್‌ನನ್ನು ಮಯಾಮಿಗೆ ಕೊಟ್ಟು ಐದು ಡ್ರಾಫ್ಟ್ ಸರದಿ ಪಡೆದರು. ಎಲ್ಲರೂ ತಲೆ ಅಲ್ಲಾಡಿಸಿದರು. ಆಮೇಲೆ ಸತತ ಎರಡು ಸೂಪರ್ ಬೌಲ್ ಗೆದ್ದರು. ಹೊಸ ಹುಡುಗರು ಅಗ್ಗಕ್ಕೆ ಡಿಫೆನ್ಸ್ ನಿಲ್ಲಿಸಿದರು.

ದುಡ್ಡು ಸುರಿದು ಕೈಸುಟ್ಟುಕೊಂಡವರು?

ತುಂಬಾ ಇದ್ದಾರೆ. 2009ರಲ್ಲಿ ವಾಷಿಂಗ್ಟನ್ ತಂಡ ಆಲ್ಬರ್ಟ್ ಹೇನ್ಸ್‌ವರ್ತ್‌ಗೆ ಏಳು ವರ್ಷಕ್ಕೆ 10 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. ಎರಡೇ ಸೀಸನ್‌ಗೆ ಸಂಬಂಧ ಮುರಿಯಿತು. ಸಿಯಾಟಲ್ ಬಿಟ್ಟ ರಸೆಲ್ ವಿಲ್ಸನ್ ಡೆನ್ವರ್‌ಗೆ ಹೋದ, 2024ರ ಮಾರ್ಚ್‌ನಲ್ಲಿ ಅವನನ್ನು ಬಿಟ್ಟಾಗ ಡೆನ್ವರ್ ಮೇಲೆ ಬಿದ್ದ ಡೆಡ್ ಮನಿ 8.5 ಕೋಟಿ ಡಾಲರ್, ಎರಡು ವರ್ಷಕ್ಕೆ ಹಂಚಿ. ಹಳೆಯ ಆಟಕ್ಕೆ ಮುಂದಿನ ವರ್ಷಗಳ ದುಡ್ಡು ಕೊಡುವುದು ಫ್ರೀ ಏಜೆನ್ಸಿಯ ದೊಡ್ಡ ಗುಂಡಿ.

ಒಳ್ಳೆಯ ಖರೀದಿಗಳೂ ಇವೆ. 2006ರಲ್ಲಿ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್‌ನ ಭುಜಕ್ಕೆ ಪೆಟ್ಟಾಗಿತ್ತು, ಬೇರೆಯವರು ಹಿಂಜರಿದರು. ಕತ್ರಿನಾ ಚಂಡಮಾರುತಕ್ಕೆ ಸಿಕ್ಕಿ ನಲುಗಿದ್ದ ನ್ಯೂ ಆರ್ಲಿಯನ್ಸ್ ಅವನನ್ನು ನಂಬಿತು. 2009ರ ಸೀಸನ್‌ನಲ್ಲಿ ಆ ಊರಿಗೆ ಕಪ್ ಬಂತು. ದುಡ್ಡಿನ ಲೆಕ್ಕಕ್ಕೆ ಸಿಗದ ಖರೀದಿ ಅದು.

ಯಾವ ಸ್ಥಾನದವರಿಗೆ ಲಾಭವಾಯಿತು, ಯಾರಿಗೆ ನಷ್ಟ?

ಮಾರುಕಟ್ಟೆ ತೆರೆದ ಮೊದಲ ವರ್ಷವೇ ಕ್ವಾರ್ಟರ್‌ಬ್ಯಾಕನ್ನು ಕಾಯುವ ಲೆಫ್ಟ್ ಟ್ಯಾಕಲ್‌ನ ಬೆಲೆ ಏರಿತು. 1993ರಲ್ಲಿ ಇಂಡಿಯಾನಾಪೊಲಿಸ್ ಬಫಲೋದ ವಿಲ್ ವುಲ್ಫರ್ಡ್‌ನನ್ನು ಕರೆದು, ತಂಡದ ಆಕ್ರಮಣ ವಿಭಾಗದಲ್ಲಿ ಇವನಿಗೇ ಎಲ್ಲರಿಗಿಂತ ಜಾಸ್ತಿ ಸಂಬಳ ಎಂಬ ಷರತ್ತು ಬರೆಯಿತು. ಅದೇ ಷರತ್ತು ಒಪ್ಪಿಕೊಂಡರೆ ಬಫಲೋ ಅವನನ್ನು ಉಳಿಸಿಕೊಳ್ಳಬಹುದಿತ್ತು. ಆದರೆ ಅಲ್ಲಿ ಸ್ಟಾರ್ ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲ್ಲಿ ಇದ್ದರಲ್ಲ! ಬಿಟ್ಟುಕೊಟ್ಟಿತು.

ನಷ್ಟವಾದದ್ದು ರನ್ನಿಂಗ್ ಬ್ಯಾಕ್‌ಗಳಿಗೆ. ಅವರ ಮೈ ಬೇಗ ಸವೆಯುತ್ತದೆ. ಫ್ರೀ ಏಜೆಂಟ್ ಆಗುವ ಹೊತ್ತಿಗೆ ಒಳ್ಳೆಯ ವರ್ಷಗಳು ಕಳೆದಿರುತ್ತವೆ. ಇದು ನನಗೆ ಅನ್ಯಾಯ ಎನಿಸುತ್ತದೆ. ಅದಕ್ಕೇ 2024ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಬಿಟ್ಟ ಸೇಕ್ವಾನ್ ಬಾರ್ಕ್ಲಿ ಫಿಲಡೆಲ್ಫಿಯಾದಲ್ಲಿ 2,005 ಗಜ ಓಡಿ ಕಪ್ ಗೆದ್ದಾಗ ತುಂಬಾ ಖುಷಿಯಾಯಿತು.

ಫ್ರಾಂಚೈಸ್ ಟ್ಯಾಗ್ ಅಂದರೇನು?

ಒಪ್ಪಂದ ಮುಗಿದ ಒಬ್ಬ ಆಟಗಾರನನ್ನು ತಂಡ ಒಂದು ವರ್ಷ ಹಿಡಿದಿಟ್ಟುಕೊಳ್ಳುವ ಹಕ್ಕು. ಅದಕ್ಕೆ ಅವನ ಸ್ಥಾನದ ದುಬಾರಿ ಆಟಗಾರರ ಸರಾಸರಿಯಷ್ಟು ಕೊಡಬೇಕು. ದುಡ್ಡು ಚೆನ್ನಾಗಿದೆ, ಆದರೆ ಗಾಯವಾದರೆ ಮುಂದಿನ ವರ್ಷ ಏನೂ ಇಲ್ಲ. ಪಿಟ್ಸ್‌ಬರ್ಗ್‌ನ ಲೆವಿಯಾನ್ ಬೆಲ್ 2018ರ ಇಡೀ ಸೀಸನ್ ಆಡದೆ ಕೂತು ವಿರೋಧಿಸಿದ. ಕರ್ಕ್ ಕಸಿನ್ಸ್ ಎರಡು ವರ್ಷ ಟ್ಯಾಗ್‌ನಲ್ಲೇ ಆಡಿ, 2018ರಲ್ಲಿ ಮಿನೆಸೋಟಕ್ಕೆ ಹೋಗಿ 8.4 ಕೋಟಿ ಡಾಲರ್‌ನ ಪೂರ್ತಿ ಖಾತರಿ ಇರುವ ಒಪ್ಪಂದ ಪಡೆದ.

ಕ್ಯಾಪ್ ನಿಯಮ ಮೀರಿದವರು ಇದ್ದಾರಾ?

ಇದ್ದಾರೆ. ಡೆನ್ವರ್ ತಂಡ 1996ರಿಂದ 1998ರ ನಡುವೆ ಆಟಗಾರರಿಗೆ ದುಡ್ಡನ್ನು ಮುಂದೂಡಿ ಕೊಟ್ಟ ರೀತಿಗೆ 2001 ಮತ್ತು 2004ರಲ್ಲಿ ದಂಡ ಕಟ್ಟಿತು, ಎರಡೂ ಸಲ ಮೂರನೇ ಸುತ್ತಿನ ಡ್ರಾಫ್ಟ್ ಸರದಿ ಕಳೆದುಕೊಂಡಿತು. ಅದರಿಂದ ಆಟದಲ್ಲಿ ಲಾಭವಾಗಲಿಲ್ಲ ಎಂದು ತಂಡ ಹೇಳಿತು. ಅವರು ಸತತ ಎರಡು ಕಪ್ ಗೆದ್ದದ್ದೂ ಅದೇ ಅವಧಿಯಲ್ಲಿ.

ಇದರಿಂದ ಲೀಗ್ ನಿಜವಾಗಿ ಸಮನಾಯಿತಾ?

ಆಯಿತು ಎಂದೇ ನನ್ನ ಉತ್ತರ. 1995ರಲ್ಲಿ ಕ್ಯಾರೊಲಿನಾ, ಜ್ಯಾಕ್ಸನ್‌ವಿಲ್ ಎಂಬ ಎರಡು ಹೊಸ ತಂಡ ಹುಟ್ಟಿದವು. ಎರಡನೇ ಸೀಸನ್‌ಗೇ ಎರಡೂ ಸೂಪರ್ ಬೌಲ್‌ಗೆ ಒಂದು ಪಂದ್ಯ ದೂರದವರೆಗೆ ಬಂದವು. ಹಳೆಯ ಪದ್ಧತಿಯಲ್ಲಿ ಹೊಸ ತಂಡ ಹಾಗೆ ಏಳುವುದು ಕನಸೇ. ಕ್ಯಾಪ್ ಬಂದ ಮೇಲೆ ಸತತ ಎರಡು ಸಲ ಕಪ್ ಗೆದ್ದವರು ಡೆನ್ವರ್, ನ್ಯೂ ಇಂಗ್ಲೆಂಡ್, ಕ್ಯಾನ್ಸಸ್ ಸಿಟಿ, ಮೂವರೇ. ಸತತ ಮೂರು ಸೂಪರ್ ಬೌಲ್ ಯಾರೂ ಗೆದ್ದಿಲ್ಲ.

ಯುರೋಪಿನ ಫುಟ್‌ಬಾಲ್ ಜೊತೆ ಹೋಲಿಸಿ ನೋಡಿ. ಅಲ್ಲಿ 1995ರ ಬಾಸ್‌ಮನ್ ತೀರ್ಪಿನಿಂದ ಆಟಗಾರರಿಗೆ ಒಪ್ಪಂದ ಮುಗಿದ ಮೇಲೆ ಹೋಗುವ ಸ್ವಾತಂತ್ರ್ಯ ಬಂತು, ಇಂಥ ಕ್ಯಾಪ್ ಬರಲಿಲ್ಲ. ಜರ್ಮನಿಯಲ್ಲಿ ಬಯರ್ನ್ ಮ್ಯೂನಿಕ್ 2013ರಿಂದ 2023ರವರೆಗೆ ಸತತ 11 ಸಲ ಲೀಗ್ ಗೆದ್ದಿತು.

ಹೋರಾಡಿದ ಆಟಗಾರರಿಗೆ ಇದರ ಫಲ ಸಿಕ್ಕಿತಾ?

ಹೆಚ್ಚಿನವರಿಗೆ ಇಲ್ಲ. ರೆಗ್ಗಿ ವೈಟ್‌ಗೆ ಸಿಕ್ಕಿತು. ಆದರೆ ಅವರು 2004ರ ಡಿಸೆಂಬರ್‌ನಲ್ಲಿ, 43ನೇ ವಯಸ್ಸಿನಲ್ಲೇ ತೀರಿಕೊಂಡರು.

ಜಾನ್ ಮ್ಯಾಕಿ ಆಟ ಬಿಟ್ಟು ಇಪ್ಪತ್ತು ವರ್ಷವಾದ ಮೇಲೆ, 1992ರಲ್ಲಿ, ಹಾಲ್ ಆಫ್ ಫೇಮ್‌ಗೆ ಸೇರಿದರು. ಕೊನೆಗಾಲದಲ್ಲಿ ಅವರಿಗೆ ಮರೆವಿನ ಕಾಯಿಲೆ ಬಂತು. ಅಂಥ ಕಾಯಿಲೆಯ ಹಳೆಯ ಆಟಗಾರರ ಆರೈಕೆಗೆ ಲೀಗ್ ಮತ್ತು ಸಂಘ ಸೇರಿ 2007ರಲ್ಲಿ ಶುರುಮಾಡಿದ ಯೋಜನೆಯ ಹೆಸರು 88 ಪ್ಲಾನ್. 88 ಮ್ಯಾಕಿಯ ಜರ್ಸಿ ಸಂಖ್ಯೆ. ಅವರು 2011ರಲ್ಲಿ ತೀರಿಕೊಂಡರು.

ಫ್ರೀಮನ್ ಮೆಕ್‌ನೀಲ್ 1981ರಲ್ಲಿ ನ್ಯೂಯಾರ್ಕ್ ಜೆಟ್ಸ್ ಸೇರಿದವರು. ಮೊಕದ್ದಮೆ ಗೆದ್ದ 1992ರ ಸೀಸನ್ ಅವರ ಕೊನೆಯದು. ಹನ್ನೆರಡು ಸೀಸನ್, ಒಂದೇ ತಂಡ. ಯಾರ ಹೆಸರಿನಲ್ಲಿ ಬಾಗಿಲು ತೆರೆಯಿತೋ ಅವರು ಆ ಬಾಗಿಲನ್ನು ಒಮ್ಮೆಯೂ ದಾಟಲಿಲ್ಲ.